ಸೋಮವಾರದ ನೀರು

ಕಟ್ಟೆಪಾಳ್ಯದ ಹಾಲಿನ ಡೈರಿಯ ಗೋಡೆಗೆ ಒಂದು ಕರಿಹಲಗೆ ಇತ್ತು. ಫ್ಯಾಟು ಎಷ್ಟು, ಹಿಂಡಿ ಬಂತೋ ಇಲ್ಲವೋ, ದನದ ಡಾಕ್ಟರು ಯಾವತ್ತು ಬರುತ್ತಾರೆ, ಇಷ್ಟನ್ನು ಬರೆಯುವುದಕ್ಕೆಂದು ಕಾರ್ಯದರ್ಶಿ ಚಿಕ್ಕಸ್ವಾಮಿ ಇಟ್ಟುಕೊಂಡಿದ್ದ ಹಲಗೆ. ತೊಂಬತ್ತಾರನೇ ಇಸವಿಯ ಮುಂಗಾರಿನಲ್ಲಿ ಅದರ ಅರ್ಧವನ್ನು ಹೇಮಶ್ರೀ ಕಸಿದುಕೊಂಡಳು. ನಟ್ಟನಡುವೆ ಒಂದು ಗೀಟೆಳೆದು, ಬಲಗಡೆ 'ನಾಲೆಯ ನೀರು' ಎಂದು ಬರೆದು, ಅದರ ಕೆಳಗೆ ನಾಳೆ ಎಷ್ಟು ಬರುತ್ತದೆ, ನಾಡಿದ್ದು ಎಷ್ಟು ಬರುತ್ತದೆ ಎಂದು ಅಡಿ ಲೆಕ್ಕದಲ್ಲಿ ಬರೆಯತೊಡಗಿದಳು.

"ಅಲ್ಲ ಕಣವ್ವ, ನಾಳೆ ಬರೋದ್ನ ಇವತ್ತೇ ಬರಿತೀಯಲ್ಲ, ನಿನ್ ಕಿವೀಲಿ ಯಾರು ಊದ್ತಾರೆ?" ಎಂದಳು ಕುಳ್ಳಮ್ಮ, ಹಾಲಿನ ಕ್ಯಾನನ್ನು ಸೊಂಟಕ್ಕೆ ಆನಿಸಿಕೊಂಡು.

"ನಾಗಮಂಗಲದ ಕಂಪ್ಯೂಟ್ರು, ದೊಡ್ಡಮ್ಮ."

"ಅದು ನಮ್ ನಾಲೆ ಬಂದು ನೋಡ್ಯದಾ?"

"ನೋಡಿಲ್ಲ. ಹಳೇ ವರ್ಷಗಳ ನೀರಿನ ಅಳತೆ ಎಲ್ಲಾ ಅದಕ್ಕೆ ಕೊಟ್ಟಿದ್ದೀವಿ. ಸಂತೇಲಿ ತಂದ ಹೊಸ ಹಸು ನಾಕು ದಿನ ದಾರಿ ತಪ್ಪಿ ತಪ್ಪಿ ಆಮೇಲೆ ತಾನೇ ಮನೆಗೆ ಬರಲ್ವಾ? ಹಂಗೆ ಕಲೀತದೆ."

"ಅಸ ದಾರಿ ತಪ್ಪುದ್ರೆ ದೊಡ್ಡೀಲಿ ಸಿಕ್ತದೆ. ನಿನ್ ಕಂಪೂಟ್ರು ತಪ್ಪುದ್ರೆ ಎಲ್ಲವ್ವ ಉಡುಕೋದು?" ಎಂದು ಚಿಕ್ಕಸ್ವಾಮಿ ಒಳಗಿನಿಂದಲೇ ಕೂಗಿದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಹೇಮಶ್ರೀಯೂ ನಕ್ಕಳು. ಆದರೆ ಬರೆದದ್ದನ್ನು ಅಳಿಸಲಿಲ್ಲ.

ಅವಳು ಈ ಊರಿನವಳೇ. ಇಲ್ಲಿನ ರೈತ ಬೋರಯ್ಯನ ತಮ್ಮನ ಮಗಳು. ಇಂಜಿನಿಯರಿಂಗ್ ಓದಿ, ಪಾಂಡವಪುರದ ಜಲಮಾದರಿ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಆ ಲ್ಯಾಬಿನ ಯಜಮಾನರು ಶ್ರೀಕಂಠಯ್ಯನವರು. ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯ ಮನೆಯಿಂದ ದಿನಾ ಪ್ಯಾಸೆಂಜರ್ ರೈಲು ಹತ್ತಿ ಬರುವ ಮನುಷ್ಯ. ಅವರು ಒಂದು ತಗಡಿನ ಶೆಡ್ಡಿನೊಳಗೆ ಇಟ್ಟಿಗೆ, ಸಿಮೆಂಟಿನಲ್ಲಿ ಇಡೀ ನಾಲೆಯನ್ನೇ ಪುಟ್ಟದಾಗಿ ಕಟ್ಟಿದ್ದರು. ಗೇಣುದ್ದದ ಗೇಟುಗಳು, ಬೆರಳು ಗಾತ್ರದ ತೂಬುಗಳು. ನೀರು ಬಿಟ್ಟು, ಮೇಲೆ ಮರದ ಹೊಟ್ಟು ಉದುರಿಸಿ, ಅದು ಎಷ್ಟು ಬೇಗ ಓಡುತ್ತದೆ ಎಂದು ಗಡಿಯಾರ ಹಿಡಿದು ಕೂರುತ್ತಿದ್ದರು. ಇನ್ನೊಂದು ಲ್ಯಾಬು ನಾಗಮಂಗಲದ ಒಂದು ಕಾಲೇಜಿನದು. ಅಲ್ಲಿ ಬೂಕನಕೆರೆ ಕಡೆಯ ರವೀಂದ್ರ ಎಂಬ ಮೇಷ್ಟರು, ಕಂಪ್ಯೂಟರಿಗೆ ಮನುಷ್ಯನ ಮಿದುಳಿನ ಹಾಗೆ ಕಲಿಯಲು ಬರುವಂಥ ಒಂದು ಪ್ರೋಗ್ರಾಮು ಬರೆದಿದ್ದರು. ಕೃತಕ ಬುದ್ಧಿ ಎಂದು ಅವರು ಹೇಳಿದರೆ, ಸ್ಟಾಫ್ ರೂಮಿನಲ್ಲಿ "ನಿಜವಾದ್ದು ಖರ್ಚಾಗೋಯ್ತಾ ಸಾರ್?" ಎಂದು ಕಾಲೆಳೆಯುತ್ತಿದ್ದರು. ಈ ಎರಡು ಲ್ಯಾಬುಗಳೂ ಕೈಜೋಡಿಸಿ, ಹೇಮಾವತಿ ನಾಲೆಯ ಒಂದು ಕವಲಿನಲ್ಲಿ ಯಾವತ್ತು ಎಲ್ಲಿಗೆ ಎಷ್ಟು ನೀರು ಮುಟ್ಟುತ್ತದೆ ಎಂದು ಮುಂಚಿತವಾಗಿ ಹೇಳಲು ಹೊರಟಿದ್ದವು. ಎರಡರ ನಡುವೆ ಫ್ಲಾಪಿ ಹಿಡಿದು ಬಸ್ಸಿನಲ್ಲಿ ಓಡಾಡುತ್ತಿದ್ದವಳು ಹೇಮಶ್ರೀ.

ಆ ಕವಲಿನ ತಲೆ ಸಂತೆಬಾಚಹಳ್ಳಿಯ ಕಡೆಗೆ. ಕೊನೆ ಕಟ್ಟೆಪಾಳ್ಯ. ಕೊನೆಯ ಊರಿನ ಪಾಡು ಗೊತ್ತೇ ಇದೆ, ಮೇಲಿನವರು ಕುಡಿದು ಬಿಟ್ಟದ್ದು ಇವರಿಗೆ. ನೀರು ಬಂದಾಗ ಬಂತು, ಬರದಾಗ ಇಲ್ಲ. ನಾಲೆಯ ದೊಡ್ಡ ಇಂಜಿನಿಯರು ಹೇಮಶ್ರೀಗೆ ನೇರವಾಗಿಯೇ ಹೇಳಿದ್ದರು: "ಯಾವ ದಿನ ಎಷ್ಟು ಬರುತ್ತೆ ಅಂತ ನಿಮ್ಮ ಲ್ಯಾಬುಗಳು ಸರಿಯಾಗಿ ಹೇಳಿದರೆ ಈ ಸಲ ಕೊನೇ ತೂಬಿಗೆ ಭತ್ತದ ನೀರು ಬಿಡ್ತೀನಿ. ಹೇಳೋಕೆ ಆಗದಿದ್ರೆ ಗೇಟು ಇಳಿಸ್ತೀನಮ್ಮ. ಹಳ್ಳದ ಪಾಲಾಗೋ ನೀರನ್ನ ಅಲ್ಲಿತನಕ ಯಾಕೆ ಕಳಿಸ್ಲಿ? ರಾಗಿ ಬೆಳ್ಕೊಳ್ಲಿ."

ಹೇಮಶ್ರೀ ಊರಿಗೆ ಬಂದು, ಒಟ್ಲು ಬಿಡಿ, ನೀರು ಬರುತ್ತದೆ ಎಂದಳು. ಅವಳ ಮಾತು ನಂಬಿ ಊರಿಗೆ ಊರೇ ಬೀಜ ಚೆಲ್ಲಿ ಸಸಿ ಮಾಡಿಕೊಂಡಿತು. ಡೈರಿಯ ಹಲಗೆಯ ಮೇಲೆ ಅಂಕಿಗಳು ಬಿದ್ದವು. ಮೊದಮೊದಲು ನೀರೂ ಅಂಕಿಗೆ ಹತ್ತಿರವೇ ಇತ್ತು.

ಆಮೇಲೆ ಮೇಲಿನ ಊರುಗಳಲ್ಲಿ ಕೆಸರು ಗದ್ದೆ ಉಳುವ ಕೆಲಸ ಶುರುವಾಯಿತು. ಒಂದು ಬುಧವಾರಕ್ಕೆ ಹಲಗೆ ಒಂದೂವರೆ ಅಡಿ ಎಂದಿತ್ತು. ಜನ ಎತ್ತು ಹೊಡೆದುಕೊಂಡು ಹೋಗಿ ನೋಡಿದರೆ, ಅಳತೆಗಲ್ಲಿನ ಬುಡದಲ್ಲಿ ಪಾದ ಮುಳುಗುವಷ್ಟು ನೀರು. ಎಮ್ಮೆ ಮಲಗಿದರೆ ಅರ್ಧ ಮೈ ಒಣಗೇ ಉಳಿಯುತ್ತಿತ್ತು.

ಸಂಜೆ ಡೈರಿಯಲ್ಲಿ ಬೋರಯ್ಯ ಕಾದುಕೊಂಡೇ ಕೂತಿದ್ದ. "ಏನ್ ಮಗ, ನಿನ್ ಒಂದೂವರೆ ಅಡಿ ಯಾವ ಬಸ್ಸಿಗೆ ಬತ್ತದೆ?"

"ದೊಡ್ಡಪ್ಪ, ಎಲ್ಲೋ ತಪ್ಪಾಗದೆ. ಹುಡುಕ್ತೀನಿ."

"ಉಡುಕು ಉಡುಕು. ಸಸಿ ಮಾತ್ರ ನೀನು ಉಡುಕೋಗಂಟ ಕಾಯಾಕಿಲ್ಲ. ಬಲ್ತೋಯ್ತಾ ಅವೆ."

"ಅದೇನು ಮಾಯವೋ," ಎಂದಳು ಕುಳ್ಳಮ್ಮ. "ನೆನ್ನೆ ಮಂಗ್ಳಾರ ಬೆಳ್ಗೆ ನೋಡುದ್ರೆ ನೀರು ಕೋಡಿ ಬಿದ್ದು ಅಳ್ಳಕ್ಕೆ ಅರೀತಿತ್ತು. ಇವತ್ತು ನೋಡುದ್ರೆ ಇಂಗೆ."

ಕುಳ್ಳಮ್ಮನ ಮಾತು ಹೇಮಶ್ರೀಯ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೆಚ್ಚು ಬಂದ ನೀರಿನ ಮೇಲೆ ಯಾರು ತಾನೇ ದೂರು ಕೊಡುತ್ತಾರೆ?

ಮಾರನೇ ದಿನ ಪಾಂಡವಪುರದ ಶೆಡ್ಡಿನಲ್ಲಿ ಇಬ್ಬರು ಯಜಮಾನರೂ ಎದುರುಬದುರು ಕೂತರು. ರವೀಂದ್ರ ನಾಗಮಂಗಲದಿಂದ ಬೈಕಿನಲ್ಲೇ ಬಂದಿದ್ದರು.

"ನಿಮ್ಮ ಯಂತ್ರಕ್ಕೆ ಕಲಿಯೋಕೆ ಬರಲ್ಲ ಅಂತ ಒಪ್ಕೊಳ್ಳಿ," ಎಂದರು ಶ್ರೀಕಂಠಯ್ಯ.

"ಅದು ಚೆನ್ನಾಗೇ ಕಲಿಯುತ್ತೆ ಸಾರ್. ನೀವು ಕೊಟ್ಟಿದ್ದನ್ನ ಕಲಿಯುತ್ತೆ. ನಿಮ್ಮ ಅಳತೆ ನೋಡಿದೆ. ಅಷ್ಟು ನುಣುಪಾಗಿ ನೀರು ಎಲ್ಲಾದ್ರೂ ಹರಿಯುತ್ತಾ?"

"ನುಣುಪು ಮಾಡಿದವನು ನಾನೇ. ಕೆಲವು ನೀರುಗಂಟಿಗಳು ಮನೇಲಿ ಕೂತು ಅಂದಾಜಲ್ಲಿ ಬರೆದಿರ್ತಾರೆ. ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಅದಕ್ಕೇ ವಾರಕ್ಕೊಂದು ಸರಾಸರಿ ತೆಗೆದು, ಕೊಳೆ ಎಲ್ಲ ತೊಳೆದು ನಿಮಗೆ ಕೊಟ್ಟೆ. ನೋಡಿ, ನೀರಿಗೆ ಆದಿತ್ಯವಾರ, ಸೋಮವಾರ ಗೊತ್ತಿರುತ್ತಾ? ಮೇಲಿಂದ ಕೆಳಕ್ಕೆ ಹೋಗೋದೊಂದು ಗೊತ್ತು."

"ಹಾಗಾದ್ರೆ ನಿಮ್ಮ ಸಿಮೆಂಟ್ ನಾಲೇನೇ ಕೇಳ್ಕೊಳ್ಳಿ ಸಾರ್. ನಮ್ಮದು ಯಾಕೆ?"

"ಕೇಳ್ಕೋತೀನಿ ಬಿಡಿ!"

ರವೀಂದ್ರ ಹೆಲ್ಮೆಟ್ಟು ತೆಗೆದುಕೊಂಡು ಎದ್ದೇಬಿಟ್ಟರು. ಶ್ರೀಕಂಠಯ್ಯ ಮರದ ಹೊಟ್ಟನ್ನು ಹಿಡಿ ಹಿಡಿಯಾಗಿ ನೀರಿಗೆ ಎಸೆಯುತ್ತಾ ನಿಂತರು. ನಾಲೆಯ ದೊಡ್ಡ ಇಂಜಿನಿಯರ ಆಫೀಸಿನಿಂದ ಆಗಲೇ ಫೋನು ಬಂದಿತ್ತು. ಇನ್ನೆರಡು ವಾರದೊಳಗೆ ಲೆಕ್ಕ ಸರಿಹೋಗದಿದ್ದರೆ ಗೇಟು ಇಳಿಯುತ್ತದೆ. ಹೇಮಶ್ರೀ ಇಬ್ಬರಿಗೂ ಕೇಳುವ ಹಾಗೆ ಹೇಳಿದಳು: "ನೀವಿಬ್ಬರೂ ಜಗಳ ಆಡಿ ಸಾರ್, ನಾನು ಬೇಡ ಅನ್ನಲ್ಲ. ಆದ್ರೆ ಸೋಮವಾರ ನಾನು ಬಂದು ಕರೆದಾಗ ಬರಬೇಕು. ನಮ್ಮೂರಿನ ಸಸಿ ನನ್ನ ಮಾತು ನಂಬಿ ನಿಂತಿದೆ."

ಅವಳ ಯೋಚನೆ ಇಷ್ಟೇ: ಕವಲಿನ ತಲೆಯಿಂದ ಕೊನೆಯವರೆಗೆ ತಾನೇ ನಡೆದುಕೊಂಡು ಬಂದು, ನೀರು ಎಲ್ಲಿ ತಪ್ಪಿಸಿಕೊಳ್ಳುತ್ತದೆ ಎಂದು ಕಣ್ಣಾರೆ ನೋಡುವುದು. ಸೋಮವಾರ ಬೆಳಗ್ಗೆ ನಾಗಮಂಗಲದಲ್ಲಿ ಸಂತೆಬಾಚಹಳ್ಳಿಯ ಬಸ್ಸು ಹತ್ತಿದಳು. ಕಿಟಕಿ ಪಕ್ಕ ಸೀಟು. ಮೇಲಿನ ಊರುಗಳು ಬರುತ್ತಿದ್ದ ಹಾಗೆ ಕೆಸರು ಗದ್ದೆಗಳು ಕಂಡವು. ಗದ್ದೆ ಇತ್ತು, ನೀರಿತ್ತು, ಕೊಕ್ಕರೆಗಳಿದ್ದವು. ಒಬ್ಬನೇ ಒಬ್ಬ ಮನುಷ್ಯ ನೇಗಿಲು ಹಿಡಿದಿರಲಿಲ್ಲ. ಊರೊಳಗೆ ಬಸ್ಸು ನಿಂತಾಗ, ಹಟ್ಟಿಗಳ ಮುಂದೆ ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು, ಮೆಲುಕು ಹಾಕುತ್ತ ನಿಂತಿದ್ದವು. ಪಂಚೆ ಒಗೆದುಟ್ಟ ಗಂಡಸರು ಟೀ ಅಂಗಡಿಯ ಮುಂದೆ ಪೇಪರು ಹಂಚಿಕೊಂಡು ಓದುತ್ತಿದ್ದರು.

ಸೋಮವಾರ. ಬಸವಣ್ಣನ ದಿನ. ಎತ್ತಿನ ಹೆಗಲಿಗೆ ನೊಗ ಇಡುವ ಹಾಗಿಲ್ಲ.

ಹುಟ್ಟಿದಾಗಿನಿಂದ ನೋಡಿದ್ದು. ಅವರ ಮನೆಯಲ್ಲೂ ಇದೇ, ಇಡೀ ಸೀಮೆಯಲ್ಲೇ ಇದೇ. ನೇಗಿಲು ಹೂಡದ ದಿನ ಗದ್ದೆಗೆ ನೀರು ತುಂಬಿಸಿಕೊಂಡರೆ ಬದು ಒಡೆಯುತ್ತದೆ, ಅದಕ್ಕೆ ತೂಬಿಗೆ ಮಣ್ಣು, ಗೋಣಿ ತುರುಕಿ ಮುಚ್ಚುತ್ತಾರೆ. ಮುಚ್ಚಿದರೆ ನೀರೆಲ್ಲ ಕೆಳಕ್ಕೆ. ಇಲ್ಲಿಂದ ಸೋಮವಾರ ಹೊರಟದ್ದು ಕಟ್ಟೆಪಾಳ್ಯಕ್ಕೆ ಮಂಗಳವಾರ ಬೆಳಗ್ಗೆ ಮುಟ್ಟುತ್ತದೆ, ಕುಳ್ಳಮ್ಮ ಹೇಳಿದಳಲ್ಲ, ಕೋಡಿ ಬಿತ್ತು ಅಂತ! ಮಂಗಳವಾರ ಇಲ್ಲಿ ಎಲ್ಲರೂ ಒಂದೇ ಸಲಕ್ಕೆ ತೂಬು ಬಿಚ್ಚುತ್ತಾರೆ, ಬುಧವಾರ ಕೆಳಗೆ ಒಣ. ಶ್ರೀಕಂಠಯ್ಯನವರು ತೊಳೆದು ಹಾಕಿದ ಕೊಳೆ ಇದೇ.

ಹೇಮಶ್ರೀ ಬಸ್ಸಿನಲ್ಲೇ ಜೋರಾಗಿ ನಕ್ಕುಬಿಟ್ಟಳು. ಕಂಡಕ್ಟರು, "ಏನಕ್ಕಾ, ಟಿಕೆಟ್ ರೇಟ್ ಕೇಳಿ ನಗ್ತಾ ಇದ್ದೀರಾ?" ಎಂದ.

"ಇಲ್ಲಪ್ಪ. ವಾಪಸ್ಸು ಪಾಂಡವಪುರಕ್ಕೆ ಬಸ್ಸು ಎಷ್ಟೊತ್ತಿಗೆ, ಅದು ಹೇಳು."

ಮಧ್ಯಾಹ್ನ ಶೆಡ್ಡಿನಲ್ಲಿ ಅವಳು ಹೇಳಿದ್ದನ್ನು ಕೇಳಿ ಶ್ರೀಕಂಠಯ್ಯ ಹಟಕ್ಕೆ ಬಿದ್ದರು. "ನೀರಿಗೆ ವಾರ ಗೊತ್ತಿಲ್ಲಮ್ಮಾ ಅಂತ ಅವತ್ತೇ ಹೇಳಿದೆ."

"ನೀರಿಗೆ ಗೊತ್ತಿಲ್ಲ ಸಾರ್. ಎತ್ತಿಗೆ ಗೊತ್ತು."

ಅವಳ ಫೋನಿಗೆ ಓಡಿ ಬಂದು ಬಾಗಿಲಲ್ಲಿ ನಿಂತಿದ್ದ ರವೀಂದ್ರ ಹಣೆ ಚಚ್ಚಿಕೊಂಡರು. "ಅಯ್ಯೋ ಸಾರ್, ನಾನು ರಜಾ ಹಾಕಿ ಊರಿಗೆ ಹೋಗೋದೇ ಸೋಮವಾರ. ಯಾಕೆ ಹೇಳಿ? ಬೇರೆ ದಿನ ಹೋದ್ರೆ ಅಪ್ಪ ಗದ್ದೇಲಿರ್ತಾರೆ, ಮಾತಿಗೆ ಸಿಗಲ್ಲ!"

"ಮತ್ತೆ ನಿಮ್ಮ ಬುದ್ಧಿವಂತ ಪ್ರೋಗ್ರಾಮಿಗೆ ಅದನ್ನ ಯಾಕ್ರೀ ಹೇಳಲಿಲ್ಲ?"

"ಅದೂ ಹೇಳೋ ವಿಷಯ ಅಂತ ಹೊಳೀಲೇ ಇಲ್ಲ ಸಾರ್."

"ನಮ್ಮ ಮನೇಲೂ ಸೋಮವಾರ ಗಾಡಿ ಕಟ್ಟಿಸ್ತಿರಲಿಲ್ಲ," ಎಂದರು ಶ್ರೀಕಂಠಯ್ಯ ಮೆಲ್ಲಗೆ. ಬೇರೆ ಸೀಮೆಯವನೊಬ್ಬ ಈ ಶೆಡ್ಡಿನಲ್ಲಿದ್ದಿದ್ದರೆ ಬಂದ ವಾರವೇ ಕೇಳುತ್ತಿದ್ದನೋ ಏನೋ. ಇವರು ಮೂವರೂ ಇಲ್ಲಿಯವರೇ.

ಶ್ರೀಕಂಠಯ್ಯ ಬೀರುವಿನಿಂದ ದಿನದಿನದ ಹಸಿ ಅಳತೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. "ತಗೊಂಡು ಹೋಗಿ. ಕೊಳೆ ಸಮೇತ." ರವೀಂದ್ರ ಅವತ್ತೇ ಅದನ್ನು ನಾಗಮಂಗಲಕ್ಕೆ ಒಯ್ದು, ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಕಂಪ್ಯೂಟರಿಗೆ ಹೊಡೆಸಿದರು. ಈ ಸಲ ಪ್ರತಿ ಅಳತೆಯ ಜೊತೆಗೆ ವಾರವನ್ನೂ ಸೇರಿಸಿದರು. ಕರೆಂಟು ಹೋದರೆ ಯಂತ್ರ ಕಲಿತದ್ದೆಲ್ಲ ಮರೆಯುತ್ತಿತ್ತು. ಅದಕ್ಕೆ ಅರ್ಧ ಗಂಟೆಗೊಮ್ಮೆ ಕಲಿತಷ್ಟನ್ನು ಫ್ಲಾಪಿಗೆ ಇಳಿಸುತ್ತಾ, ಕರೆಂಟು ಬಂದ ಕೂಡಲೇ ಮುಂದಿನ ಪಾಠ ಹೇಳುತ್ತಾ, ಆ ಎರಡು ದಿನ ಅವರು ಲ್ಯಾಬು ಬಿಟ್ಟು ಅಲ್ಲಾಡಲಿಲ್ಲ. ಗುರುವಾರ ಫೋನಿನಲ್ಲಿ ಅವರ ದನಿಯೇ ಬೇರೆಯಾಗಿತ್ತು. "ಹೇಮಶ್ರೀ, ಕಲಿತುಬಿಡ್ತು! ಬುಧವಾರದ ಬಡತನಾನೂ ಹೇಳ್ತಿದೆ, ಮಂಗಳವಾರದ ಶ್ರೀಮಂತಿಕೇನೂ ಹೇಳ್ತಿದೆ."

ಆದರೆ ಅಷ್ಟಕ್ಕೇ ಹೇಮಶ್ರೀಗೆ ಸಮಾಧಾನವಿಲ್ಲ. ಬುಧವಾರ ನೀರಿಲ್ಲ ಎಂದು ಸರಿಯಾಗಿ ಹೇಳಿಬಿಟ್ಟರೆ ಸಸಿ ಬದುಕುತ್ತದೆಯೇ? ಮೇಲಿನವರು ಬಿಡುವ ದಿನ ಸೋಮವಾರ, ಆ ನೀರು ಕೆಳಗೆ ಮುಟ್ಟುವ ದಿನ ಮಂಗಳವಾರ, ಮಂಗಳವಾರ ಕಟ್ಟೆಪಾಳ್ಯದ ಎತ್ತುಗಳಿಗೆ ನೊಗ ಇಡಬಹುದು. ಹಾಗಿದ್ದ ಮೇಲೆ ಮಂಗಳವಾರವನ್ನೇ ನಮ್ಮೂರಿನ ದಿನ ಮಾಡಿಬಿಟ್ಟರೆ?

"ನೀರು ಎಷ್ಟು ಅಂತ ರವೀಂದ್ರ ಹೇಳ್ತಾರೆ," ಎಂದರು ಶ್ರೀಕಂಠಯ್ಯ. "ಎಷ್ಟು ಹೊತ್ತಿಗೆ ಬರುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ, ಅದನ್ನ ನನ್ನ ನಾಲೆ ಹೇಳುತ್ತೆ. ಬಾ." ಅವರು ಔಷಧಿ ಅಂಗಡಿಯಿಂದ ರಬ್ಬರಿನ ಬಿರಡೆಗಳನ್ನು ತರಿಸಿ, ಪುಟ್ಟ ತೂಬುಗಳಿಗೆಲ್ಲ ಒಂದೊಂದಾಗಿ ಜಡಿದರು. ಶೆಡ್ಡಿನೊಳಗೆ ಮೊದಲ ಬಾರಿಗೆ ಸೋಮವಾರ ಆಯಿತು. ಪಂಚೆ ಎತ್ತಿಕಟ್ಟಿದ ಶ್ರೀಕಂಠಯ್ಯ ಒಂದು ದಡದಲ್ಲಿ, ಪ್ಯಾಂಟು ಮಡಚಿದ ರವೀಂದ್ರ ಇನ್ನೊಂದು ದಡದಲ್ಲಿ, ಇಬ್ಬರೂ ಮಂಡಿಯೂರಿಕೊಂಡು ಮರದ ಹೊಟ್ಟಿನ ಹಿಂದೆ ಹಿಂದೆ ತೆವಳಿದರು. ನೀರಿನ ಉಬ್ಬು ಕೊನೆಯವರೆಗೂ ಹೋಗಿ ನಿಂತಿತು.

"ಬೆಳಗ್ಗೆ ಬೆಳಗ್ಗೇನೇ ಮುಟ್ಟುತ್ತೆ. ಮಧ್ಯಾಹ್ನದ ಮೇಲೆ ಇಳಿಯುತ್ತೆ," ಎಂದರು ಶ್ರೀಕಂಠಯ್ಯ.

"ನಂದೂ ಅದನ್ನೇ ಹೇಳುತ್ತೆ ಸಾರ್," ಎಂದರು ರವೀಂದ್ರ.

"ಹೇಳಲೇಬೇಕು."

ಒಂದು ಅನುಮಾನ ಉಳಿದಿತ್ತು. ಮೇಲಿನ ಊರಿನ ಮುದ್ದಯ್ಯ ಹೊಸದಾಗಿ ಟ್ರಾಕ್ಟರು ತಂದಿದ್ದ. ಟ್ರಾಕ್ಟರಿಗೆ ಯಾವ ಸೋಮವಾರ? ಅದು ಸೋಮವಾರವೂ ಉತ್ತರೆ ಲೆಕ್ಕವೆಲ್ಲ ಕೆಡುತ್ತದೆ. ಹೇಮಶ್ರೀ ಶ್ರೀಕಂಠಯ್ಯನವರನ್ನೂ ಹೊರಡಿಸಿಕೊಂಡು ಅವನ ಮನೆಗೇ ಹೋದಳು. ಹಜಾರದಲ್ಲಿ ಅವನ ತಾಯಿ ಸಿದ್ದಲಿಂಗಮ್ಮ ಅವರೆಕಾಳು ಹಸನು ಮಾಡುತ್ತಿದ್ದಳು.

"ಸೋಮಾರ ಟ್ರಾಕ್ಟ್ರು ಓಡುಸ್ತೀರಾ ಅಣ್ಣ?"

ಮುದ್ದಯ್ಯ ತಾಯಿಯ ಕಡೆ ಓರೆಗಣ್ಣಲ್ಲಿ ನೋಡಿದ. "ಒಂದ್ ಸೋಮಾರ ಓಡುಸ್ದೆ ಕಣವ್ವ. ಮೂರೊತ್ತೂ ಮುದ್ದೆ ಇಕ್ಕಲಿಲ್ಲ ಇವ್ವ."

"ಇಕ್ಕಾಕಿಲ್ಲ," ಎಂದಳು ಸಿದ್ದಲಿಂಗಮ್ಮ ತಲೆಯೆತ್ತದೆ. "ಎತ್ತು ಮಾರಿ ತಂದವ್ನೆ ಅದ್ನ. ಎತ್ತಿನ್ ಕೆಲ್ಸ ಮಾಡ್ತದೆ ಅಂದ್ಮೇಲೆ ಎತ್ತಿನ್ ರಜಾನೂ ಅದುಕ್ಕೇ."

"ಅದುಕ್ಕೇನು ಸುಸ್ತಾಯ್ತದಾ ಅಂತ ಕೇಳ್ದೆ ಸ್ವಾಮಿ," ಎಂದ ಮುದ್ದಯ್ಯ ಶ್ರೀಕಂಠಯ್ಯನವರಿಗೆ. "'ನಿಂಗಾಯ್ತದಲ್ಲ, ಸುಮ್ಕೆ ಕೂತ್ಕೋ' ಅಂದ್ಳು."

ಹೊರಗೆ ಟ್ರಾಕ್ಟರಿನ ಬಾನೆಟ್ಟಿನ ಮೇಲೆ ಕುಂಕುಮದ ಬೊಟ್ಟು ಒಣಗಿತ್ತು. ಶ್ರೀಕಂಠಯ್ಯ ಅದನ್ನೇ ದಿಟ್ಟಿಸಿ ನೋಡಿ, "ಇದನ್ನ ನಾನು ಯಾವ ಸೂತ್ರಕ್ಕೆ ಹಾಕ್ಲಿ?" ಎಂದುಕೊಂಡರು.

ಭಾನುವಾರ ಸಂಜೆ ಡೈರಿಯ ಹಲಗೆಯ ಮೇಲೆ ಹೇಮಶ್ರೀ ದೊಡ್ಡದಾಗಿ ಬರೆದಳು: ಮಂಗಳವಾರ ಬೆಳಗ್ಗೆ, ಎರಡು ಅಡಿ. ಬರೆದು ಜನರ ಕಡೆ ತಿರುಗಿದಳು. "ಊರಿನ ಎತ್ತೆಲ್ಲ ಅವತ್ತು ಒಟ್ಟಿಗೆ ಇಳೀಬೇಕು. ಒಬ್ಬರ ಗದ್ದೆ ಆದ್ಮೇಲೆ ಇನ್ನೊಬ್ಬರದು, ಮುಯ್ಯಾಳಲ್ಲಿ. ಮಧ್ಯಾಹ್ನದೊಳಗೆ ಎಲ್ಲರದೂ ಕೆಸರಾಗಬೇಕು. ಬುಧವಾರಕ್ಕೆ ಉಳಿಸಿಕೊಂಡ್ರೆ ನೀರಿಲ್ಲ."

ಬೋರಯ್ಯ ಕೇಳಿದ: "ಓದ್ ಸಲಾನೂ ಇಂಗೇ ಬರ್ದಿದ್ದೆ. ಈ ಸಲ ನೀರು ಕಮ್ಮಿಯಾದ್ರೆ ಯಾರ್ ಗದ್ದೆ ಒಣಗ್ತದೆ, ಅದುನ್ನ ಮೊದ್ಲು ಏಳು."

"ನಮ್ದು," ಎಂದಳು ಹೇಮಶ್ರೀ. "ಎಲ್ಲರದೂ ಆದ ಮೇಲೆ ಕೊನೇಲಿ ನಮ್ಮ ಗದ್ದೆ. ಕಮ್ಮಿಯಾದ್ರೆ ನಮ್ಮ ಸಸೀನೇ ಹೋಗ್ಲಿ."

ಹಿಂದಿನಿಂದ ಅವಳ ತಾಯಿ ಪುಟ್ಟಗೌರಮ್ಮ, "ಲೇ, ನನ್ನೊಂದ್ ಮಾತು ಕೇಳ್ದೇನೇ..." ಎಂದು ಶುರುಮಾಡಿದವಳು ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದದ್ದು ನೋಡಿ, ಸೆರಗು ಕೊಡವಿದಳು. "ಏನ್ ನೋಡೀರಿ? ಅವ್ಳು ಏಳ್ಬುಟ್ಟವ್ಳಲ್ಲ. ಅಂಗೇ ಆಗ್ಲಿ." ಮನೆಗೆ ಹೋದ ಮೇಲೆ ಮಗಳಿಗೆ ಏನೆಂದಳು ಎನ್ನುವುದು ಅವರ ಮನೆಯ ಮಾತು.

ಮಂಗಳವಾರ ಬೆಳಕು ಹರಿಯುವಾಗ ಊರೆಲ್ಲ ನಾಲೆಯ ಏರಿಯ ಮೇಲಿತ್ತು. ಶ್ರೀಕಂಠಯ್ಯ, ರವೀಂದ್ರ ಇಬ್ಬರೂ ಒಂದೇ ಬೈಕಿನಲ್ಲಿ ಬಂದಿದ್ದರು. ಅಳತೆಗಲ್ಲಿನ ಬುಡದಲ್ಲಿ ಪಾಚಿ ಮಾತ್ರ ಇತ್ತು. ಚಿಕ್ಕಸ್ವಾಮಿ ಒಂದು ಕೆಮ್ಮು ಕೆಮ್ಮಿದ. ಅಷ್ಟರಲ್ಲಿ ಮೇಲ್ಗಡೆ ತಿರುವಿನಿಂದ ಕಸಕಡ್ಡಿ, ಒಣಗಿದ ಎಲೆ, ಯಾರದೋ ಒಂಟಿ ಹವಾಯಿ ಚಪ್ಪಲಿ, ಎಲ್ಲವನ್ನೂ ಮುಂದೆ ತಳ್ಳಿಕೊಂಡು ನೀರು ಬಂತು. ಕಲ್ಲಿನ ಮೊದಲ ಗೀಟು ಮುಳುಗಿತು. ಒಂದು ಅಡಿ. ಒಂದೂವರೆ.

"ಬುಡ್ರಲಾ ಎತ್ತಾ!" ಎಂದು ಬೋರಯ್ಯ ಕೂಗಿದ್ದೇ ತಡ, ಹಗ್ಗ, ನೇಗಿಲು, ಬಾರುಕೋಲು, ಬೈಗುಳ ಎಲ್ಲ ಒಟ್ಟಿಗೇ ಗದ್ದೆಗಿಳಿದವು.

ನೀರು ಎರಡಡಿ ಮುಟ್ಟಲಿಲ್ಲ. ಒಂದೂಮುಕ್ಕಾಲಿಗೆ ನಿಂತಿತು. ಹೇಮಶ್ರೀ ಕಲ್ಲಿನ ಪಕ್ಕ ಕೂತು ಅದನ್ನೇ ನೋಡುತ್ತಿದ್ದಳು. ಕಮ್ಮಿಯಾದ ಆ ಕಾಲು ಅಡಿ ಯಾರ ಪಾಲಿನದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಿಸಿಲೇರಿತು. ಒಂದೊಂದೇ ಗದ್ದೆ ಕೆಸರಾಗುತ್ತಾ ಬಂತು. ಕುಳ್ಳಮ್ಮನದಾಯಿತು, ಬೋರಯ್ಯನದಾಯಿತು. ಪುಟ್ಟಗೌರಮ್ಮನ ಗದ್ದೆಗೆ ನೀರು ತಿರುಗುವ ಹೊತ್ತಿಗೆ ನಾಲೆ ಇಳಿಯತೊಡಗಿತ್ತು.

ತನ್ನ ಎತ್ತು ಬಿಚ್ಚಿ ಮನೆ ಕಡೆ ಹೊಡೆಯುತ್ತಿದ್ದ ಬೋರಯ್ಯ ತಿರುಗಿ ನೋಡಿದ. "ಲೇ ಚಿಕ್ಕಸ್ವಾಮಿ, ಕುಳ್ಳಮ್ನ ಮಗುಂಗೂ ಕೂಗ್ಲಾ. ಎಲ್ಲಾ ಜೊತೇನೂ ಇಲ್ಲೇ ಇಳುಸ್ರಿ. ನೀರು ಇಂಗೋ ಒಳ್ಗೇ ತುಳ್ದಾಕ್ಬುಡನ!" ಊರಿನ ಅಷ್ಟೂ ಎತ್ತುಗಳು ಒಂದೇ ಗದ್ದೆಗೆ ನುಗ್ಗಿದವು. ಪಕ್ಕದ ಬದುವಿನ ಮೇಲೆ ಶ್ರೀಕಂಠಯ್ಯ ಪಂಚೆ ಎತ್ತಿ ಹಿಡಿದುಕೊಂಡು, "ಆ ಕಡೆ! ಆ ಕಡೆ ತಗ್ಗಿದೆ, ಆ ಕಡೆ ಬಿಡಿ!" ಎಂದು ಕೂಗುತ್ತಿದ್ದರು. "ಸ್ವಾಮಿ, ಅದು ಕೋಣನ್ ಗುಂಡಿ, ನಮ್ಗೊತ್ತು," ಎಂದು ಯಾರೋ ಅಂದರು.

ಗದ್ದೆ ಕೆಸರಾಯಿತು, ಈಶಾನ್ಯದ ಒಂದು ಮೂಲೆ ಬಿಟ್ಟು. ಆ ಮೂಲೆಗೆ ನೀರು ಹತ್ತಲೇ ಇಲ್ಲ. ಪುಟ್ಟಗೌರಮ್ಮ ಅಲ್ಲಿ ನಿಂತು, "ಇಲ್ಲಿ ಒಂದಿಷ್ಟು ಸೊಪ್ಪು ಆಕ್ಕೊತೀನಿ ಬುಡು," ಎಂದಳು. ಮಧ್ಯಾಹ್ನವೇ ನಾಟಿಯ ಹೆಂಗಸರು ಸಸಿಯ ಕಂತೆ ಹಿಡಿದು ಸಾಲಾಗಿ ಇಳಿದರು.

ನಾಲೆಯ ದೊಡ್ಡ ಇಂಜಿನಿಯರು ಸಂಜೆಗೆ ಜೀಪಿನಲ್ಲಿ ಬಂದು, ಹಸಿರು ಹಿಡಿದ ಬಯಲನ್ನೂ ಒಣಗಿದ ಮೂಲೆಯನ್ನೂ ನೋಡಿದರು. "ನಾಟಿ ಮುಗಿಯೋ ತನಕ ಮಂಗಳವಾರ ಕೊನೇ ತೂಬಿನ ಗೇಟು ಇಳಿಸಲ್ಲ. ಆದ್ರೆ ಕಾಲು ಅಡಿ ಕಮ್ಮಿ ಬಂತಲ್ಲಮ್ಮ?" ಎಂದರು.

"ಹೌದು ಸಾರ್. ಅದೆಲ್ಲಿ ಹೋಯ್ತು ಅಂತ ಬರೋ ಸೋಮವಾರ ಮೂವರೂ ನಡೆದು ನೋಡ್ತೀವಿ."

ಡೈರಿಗೆ ಹೋಗಿ ಅವಳು ಎರಡು ಅಡಿ ಎಂದಿದ್ದರ ಪಕ್ಕದಲ್ಲೇ 'ಬಂದದ್ದು ಒಂದೂಮುಕ್ಕಾಲು' ಎಂದು ಬರೆದಳು. ಬುಧವಾರಕ್ಕೆ ಕಾಲು ಅಡಿ ಎಂದು ಬರೆದಳು. ಗುರುವಾರಕ್ಕೆ ಬರೆಯಲು ಹೋದರೆ ಹಲಗೆಯಲ್ಲಿ ಜಾಗವಿರಲಿಲ್ಲ. ನಡುವಿನ ಗೀಟನ್ನು ಅಂಗೈಯಲ್ಲಿ ಒರೆಸಿ, ಒಂದು ಗೇಣು ಎಡಕ್ಕೆ ಸರಿಸಿ ಹೊಸದಾಗಿ ಎಳೆದಳು.

"ಏಯ್ ಏಯ್, ನನ್ ಫ್ಯಾಟು ಎಲ್ ಬರೀಲವ್ವಾ?" ಎಂದ ಚಿಕ್ಕಸ್ವಾಮಿ.

"ಸಣ್ಣಕ್ಷರದಲ್ಲಿ ಬರೀ ಕಣಣ್ಣ," ಎಂದು ಹೇಮಶ್ರೀ ಸೀಮೆಸುಣ್ಣ ಊರಿ ಗುರುವಾರದ ಅಂಕಿ ಬರೆಯತೊಡಗಿದಳು.